ದುಬಾರೆ: ಸಾಕಿದ ಆನೆ, ಸೆರೆಯಾದ ಆನೆ

ಕುಶಾಲನಗರದಿಂದ ಗುಡ್ಡೆಹೊಸೂರಿಗೆ ಬಂದು ಸಿದ್ದಾಪುರದ ರಸ್ತೆ ಹಿಡಿದರೆ ಎರಡೂ ಬದಿಗೆ ಕಾಫಿ ತೋಟ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತೋಟದ ಅಂಚಿನಲ್ಲಿ ಆನೆ ತಡೆಯಲು ಎಳೆದ ಸೋಲಾರ್ ತಂತಿ. ನಂಜರಾಯಪಟ್ಟಣದ ಬಳಿ ತಿರುಗಿ ಇಳಿದರೆ ರಸ್ತೆ ಕಾವೇರಿಯ ದಡದಲ್ಲಿ ಮುಗಿಯುತ್ತದೆ. ದುಬಾರೆ ಆನೆ ಶಿಬಿರ ಇರುವುದು ಆಚೆ ದಡದಲ್ಲಿ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದು. ಉಳಿದ ದಿನಗಳಲ್ಲಿ ಮೋಟಾರ್ ದೋಣಿಯೇ ಗತಿ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಅದೂ ಇಲ್ಲ.

ಪ್ರಾಣಿಯನ್ನು ಸಾಕುವುದು ಗುಲಾಮಗಿರಿಯೇ ಎಂಬ ಪ್ರಶ್ನೆಯನ್ನು ಮನೆಯ ನಾಯಿಯನ್ನೋ ಕೊಟ್ಟಿಗೆಯ ಹಸುವನ್ನೋ ಮುಂದಿಟ್ಟುಕೊಂಡು ಕೇಳಿದರೆ ಉತ್ತರ ಬೇಗ ಸಿಗುವುದಿಲ್ಲ. ಅವು ಸಾವಿರಾರು ವರ್ಷಗಳಿಂದ ಮನುಷ್ಯನ ಮನೆಯಲ್ಲೇ ಹುಟ್ಟಿ ಬೆಳೆದ ತಳಿಗಳು. ಮರಳಿ ಹೋಗಲು ಅವಕ್ಕೆ ಒಂದು ಕಾಡು ಉಳಿದಿಲ್ಲ. ಆನೆಯ ಕಥೆ ಹಾಗಲ್ಲ. ಮನುಷ್ಯ ಆನೆಯನ್ನು ಎಷ್ಟೇ ಶತಮಾನ ದುಡಿಸಿಕೊಂಡರೂ ಅದರದೊಂದು ಸಾಕುತಳಿ ಹುಟ್ಟಲಿಲ್ಲ. ಇವತ್ತು ಶಿಬಿರದಲ್ಲಿರುವ ಆನೆಯನ್ನು ಒಂದೋ ಕಾಡಿನಿಂದ ಹಿಡಿದು ತಂದದ್ದು, ಇಲ್ಲವೇ ಹಾಗೆ ಹಿಡಿದು ತಂದ ಆನೆಯ ಹೊಟ್ಟೆಯಲ್ಲಿ ಹುಟ್ಟಿದ್ದು. ಅದರ ಬಂಧುಗಳು ಬೇಲಿಯ ಆಚೆ ಇನ್ನೂ ಸ್ವತಂತ್ರವಾಗಿ ತಿರುಗುತ್ತಿವೆ. ಆದ್ದರಿಂದ ಈ ಪ್ರಶ್ನೆಯನ್ನು ಕೇಳಲು ಕರ್ನಾಟಕದಲ್ಲಿ ದುಬಾರೆಗಿಂತ ತಕ್ಕ ಜಾಗ ನನಗೆ ಕಾಣಲಿಲ್ಲ.

ಹೊಳೆಯ ದಡದಲ್ಲಿ

ಬೆಳಗಿನ ಹೊತ್ತು ಆನೆಗಳು ಸಾಲಾಗಿ ನೀರಿಗೆ ಇಳಿಯುತ್ತವೆ. ಕುತ್ತಿಗೆಯ ಮೇಲೆ ಕೂತವನು ಮಾವುತ, ಕೆಳಗೆ ಕಾಲಿನ ಬಳಿ ನಿಂತು ಮೈ ಉಜ್ಜುವವನು ಕಾವಾಡಿ. ಮಾವುತನ ಬಾಯಿಂದ ಒಂದು ಮಾತು ಬಿದ್ದರೆ ಸಲಗ ಮುಂಗಾಲು ಮಡಿಸಿ ಪಕ್ಕಕ್ಕೆ ಒರಗುತ್ತದೆ. ಅದರ ಕಿವಿ, ಉಗುರು, ಬಾಲದ ಬುಡದವರೆಗೂ ತಿಕ್ಕಿ ತೊಳೆಯುತ್ತಾರೆ. ದಂಡೆಯಲ್ಲಿ ನಿಂತ ಮಕ್ಕಳು ಕುಣಿಯುತ್ತಾರೆ, ದೊಡ್ಡವರು ಮೊಬೈಲ್ ಎತ್ತುತ್ತಾರೆ. ನೀರಿನಲ್ಲಿ ಮಲಗಿದ ಆನೆಯ ಕಣ್ಣು ಅರೆ ಮುಚ್ಚಿರುತ್ತದೆ. ಈ ಸ್ನಾನ ಅದಕ್ಕೆ ಇಷ್ಟ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗೆಯೇ, ಅದು ಮೇಲೆ ಎದ್ದಾಗ ಕಾಲಿನ ಸರಪಳಿ ಬಂಡೆಗೆ ತಾಗಿ ಆಗುವ ಸದ್ದನ್ನೂ ಕೇಳದೆ ಇರಲಾಗುವುದಿಲ್ಲ.

ಮೊದಲ ನೋಟಕ್ಕೆ ಇಲ್ಲಿ ಕ್ರೌರ್ಯ ಕಾಣುವುದಿಲ್ಲ. ಕಾಣುವುದು ಕಾಳಜಿಯೇ. ಗುಲಾಮಗಿರಿಯ ಪ್ರಶ್ನೆ ಕಠಿಣವಾಗುವುದು ಈ ಕಾರಣಕ್ಕೆ. ಹೊಡೆತ, ಹಸಿವು ಇದ್ದಲ್ಲಿ ತಪ್ಪನ್ನು ಎತ್ತಿ ತೋರಿಸುವುದು ಸುಲಭ. ಹೊಟ್ಟೆ ತುಂಬ ಊಟ, ದಿನಕ್ಕೊಂದು ಸ್ನಾನ, ಕಾಯಿಲೆಗೆ ಪಶುವೈದ್ಯರು, ಹೆಸರು ಹಿಡಿದು ಕರೆಯುವ ಜನ ಇವೆಲ್ಲ ಇದ್ದರೆ? ಆಗಲೂ ಅದು ಗುಲಾಮಗಿರಿಯೇ?

ನಾನು ನಾಲ್ಕು ಪ್ರಶ್ನೆಗಳನ್ನು ಜೊತೆಯಲ್ಲಿಟ್ಟುಕೊಂಡು ಶಿಬಿರ ಸುತ್ತಿದೆ. ಈ ಜೀವ ಬೇಡವೆನಿಸಿದಾಗ ಬಿಟ್ಟು ಹೋಗಬಲ್ಲದೇ? ಅದರ ದುಡಿಮೆಯ ಫಲ ಯಾರಿಗೆ? ಅದನ್ನು ಒಬ್ಬರು ಇನ್ನೊಬ್ಬರಿಗೆ ಕೊಡಬಹುದೇ? ಅದರ ಮಕ್ಕಳು ಯಾರ ಸ್ವತ್ತು? ಮನುಷ್ಯರ ಗುಲಾಮಗಿರಿಯನ್ನು ಅಳೆಯುವಾಗ ನಾವು ಕೇಳುವ ಪ್ರಶ್ನೆಗಳೂ ಇವೇ.

ಊಟದ ಜಾಗದಲ್ಲಿ

ಸ್ನಾನ ಮುಗಿದ ಮೇಲೆ ಊಟ. ಬೇಯಿಸಿದ ರಾಗಿ ಮುದ್ದೆಗೆ ಬೆಲ್ಲ ಸೇರಿಸಿ ಮಾವುತರು ಆನೆಯ ಬಾಯಿಗೇ ಇಡುತ್ತಾರೆ. ದಸರೆಯ ಆನೆಗಳಿಗಾದರೆ ಮೈಸೂರಿನಲ್ಲಿ ಭತ್ತ, ಬೆಲ್ಲ, ಕೊಬ್ಬರಿಯನ್ನು ಹುಲ್ಲಿನಲ್ಲಿ ಸುತ್ತಿ ಕಟ್ಟಿದ ಕುಸುರೆಯ ಉಪಚಾರವೂ ಉಂಟು. ಬೆಳೆದ ಆನೆಗೆ ದಿನಕ್ಕೆ ನೂರೈವತ್ತು ಕಿಲೋ ಮೀರಿ ಮೇವು ಬೇಕು. ಅದನ್ನೆಲ್ಲ ಶಿಬಿರ ಒದಗಿಸಲಾರದು. ಮುದ್ದೆ ಒಂದು ಪೂರಕ ಅಷ್ಟೇ, ಮೇವಿಗೆ ಕಾಡೇ ಆಧಾರ.

ಈ ಊಟಕ್ಕೆ ಪ್ರತಿಯಾಗಿ ಆನೆ ದುಡಿಯುತ್ತದೆ. ಹಿಂದೆ ಕಾಡಿನ ದಿಮ್ಮಿ ಎಳೆಯುವುದು ಮುಖ್ಯ ಕೆಲಸವಾಗಿತ್ತು. ಅದು ನಿಂತ ಮೇಲೆ ಉಳಿದದ್ದು ಮೂರು: ದಸರಾ, ಪ್ರವಾಸೋದ್ಯಮ, ಕಾಡಾನೆ ಹಿಡಿಯುವ ಕಾರ್ಯಾಚರಣೆ. ಗೋಪಿ, ಪ್ರಶಾಂತ, ಧನಂಜಯನಂಥ ದುಬಾರೆಯ ಆನೆಗಳ ಹೆಸರು ದಸರಾ ನೋಡುವ ಪ್ರತಿ ಮನೆಗೂ ಗೊತ್ತು. ಮೈಸೂರು ತಲುಪಿದ ಮೇಲೆ ಮರಳು ಮೂಟೆ ಹೊತ್ತು ನಡೆಯುವ ತಾಲೀಮು, ಮರದ ಅಂಬಾರಿಯ ತಾಲೀಮು, ಫಿರಂಗಿ ಸದ್ದಿಗೆ ಬೆದರದಿರುವ ತಾಲೀಮು ನಡೆಯುತ್ತವೆ. ಕಾಡಿನಲ್ಲಿ ಸಣ್ಣ ಪಟಾಕಿಗೂ ಓಡುವ ಪ್ರಾಣಿ ಇಲ್ಲಿ ತೋಪಿನ ಎದುರು ನಿಲ್ಲುವುದನ್ನು ಕಲಿಯಬೇಕು.

ದುಡಿಮೆಯ ಮಾತು ಬಂದಾಗ ಬಳ್ಳೆ ಶಿಬಿರದ ಅರ್ಜುನನನ್ನು ನೆನೆಯದೆ ಮುಂದೆ ಹೋಗಲಾರೆ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ, ಅಂದರೆ ಹಿಂಡನ್ನು ಆವರಣಕ್ಕೆ ಅಟ್ಟಿ ಹಿಡಿಯುವ ಕಾರ್ಯಾಚರಣೆಯಲ್ಲಿ, ಸೆರೆಯಾದ ಆನೆ ಅದು. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತಿತು. ವಯಸ್ಸು ಅರವತ್ತು ದಾಟಿದ್ದರಿಂದ ಅದರ ಬೆನ್ನಿನಿಂದ ಅಂಬಾರಿ ಇಳಿಯಿತು. ಕೆಲಸ ಮಾತ್ರ ಮುಗಿಯಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆಯ ಕಾರ್ಯಾಚರಣೆಯಲ್ಲಿದ್ದಾಗ ಒಂದು ಕಾಡು ಸಲಗದೊಡನೆ ಕಾದಾಡಿ ಅರ್ಜುನ ಸತ್ತಿತು. ಆಗ ಅದಕ್ಕೆ ಅರವತ್ತನಾಲ್ಕರ ಆಸುಪಾಸು. ನಾಡೆಲ್ಲ ಕಣ್ಣೀರಿಟ್ಟಿತು, ಸಮಾಧಿಗೆ ಪೂಜೆ ನಡೆಯಿತು. ಆ ದುಃಖ ನಿಜವಾದದ್ದು. ಆದರೆ ನಿವೃತ್ತಿಯ ವಯಸ್ಸಿನ ಜೀವವನ್ನು, ತನ್ನದೇ ಕುಲದ ಇನ್ನೊಂದು ಜೀವವನ್ನು ಸೆರೆಹಿಡಿಯುವ ಕಾದಾಟಕ್ಕೆ ಕರೆದೊಯ್ದವರು ನಾವು. ಬರುವುದಿಲ್ಲ ಎನ್ನುವ ಅವಕಾಶ ಅದಕ್ಕೆ ಇರಲಿಲ್ಲ. ಅರ್ಜುನನನ್ನು ಹುತಾತ್ಮ ಎಂದು ಕರೆದೆವು. ತಾನಾಗಿ ಹೊರಟವರಿಗೆ ಮಾತ್ರ ಸಲ್ಲಬೇಕಾದ ಗೌರವ ಅದು.

ಕ್ರಾಲ್‌ನ ಮುಂದೆ

ಶಿಬಿರದ ಒಂದು ಬದಿಗೆ ಕ್ರಾಲ್ ಇದೆ. ಭಾರಿ ದಿಮ್ಮಿಗಳನ್ನು ನೆಲಕ್ಕೆ ನೆಟ್ಟು, ಅಡ್ಡಡ್ಡ ದಿಮ್ಮಿ ಜೋಡಿಸಿ ಕಟ್ಟಿದ ಬೋನು. ಒಳಗೆ ಒಂದು ಆನೆ ನಿಲ್ಲುವಷ್ಟು ಜಾಗ. ಅರಿವಳಿಕೆ ಚುಚ್ಚುಮದ್ದು ಹಾರಿಸಿ ಕೆಡವಿದ ಕಾಡಾನೆಯನ್ನು ಸಾಕಾನೆಗಳು ಎಳೆದು, ಕ್ರೇನ್ ಎತ್ತಿ ಲಾರಿಗೆ ಹಾಕಿ, ಕೊನೆಗೆ ತಂದು ಕೂಡುವುದು ಇಲ್ಲಿಗೆ. ಮೊದಲ ದಿನಗಳಲ್ಲಿ ಅದು ದಿಮ್ಮಿಗಳಿಗೆ ತಲೆ ಗುದ್ದುತ್ತದೆ, ಘೀಳಿಡುತ್ತದೆ, ಮೇವು ಮುಟ್ಟುವುದಿಲ್ಲ. ಮಾವುತ, ಕಾವಾಡಿ ಹಗಲಿರುಳು ಹತ್ತಿರವೇ ಇದ್ದು ಮಾತಾಡಿಸುತ್ತಾರೆ, ಉದ್ದ ಕೋಲಿನಿಂದ ಮೈ ಸವರುತ್ತಾರೆ, ಕಬ್ಬು ಬೆಲ್ಲ ಕೊಡುತ್ತಾರೆ. ತಿಂಗಳುಗಳು ಕಳೆದ ಮೇಲೆ ಒಂದು ದಿನ ಅದು ಮಣಿಯುತ್ತದೆ. ಅದನ್ನು ಪಳಗುವುದು ಎನ್ನುತ್ತೇವೆ.

ಈ ಕೆಲಸಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಇತಿಹಾಸವಿದೆ. ಜಿ. ಪಿ. ಸ್ಯಾಂಡರ್ಸನ್ ಎಂಬ ಬ್ರಿಟಿಷ್ ಅಧಿಕಾರಿ 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಮೈಸೂರಿನ ಮೊದಲ ಯಶಸ್ವಿ ಖೆಡ್ಡಾ ನಡೆಸಿದ. ಇಡೀ ಹಿಂಡನ್ನು ತಮಟೆ, ಬೆಂಕಿಗಳಿಂದ ಬೆದರಿಸಿ, ಕಾಕನಕೋಟೆಯಲ್ಲಾದರೆ ಹೊಳೆ ದಾಟಿಸಿ, ಕೋಟೆಯಂಥ ಆವರಣಕ್ಕೆ ಅಟ್ಟುವ ವಿಧಾನ ಅದು. ಮಹಾರಾಜರ ಕಾಲದಲ್ಲಿ ವೈಸರಾಯ್‌ಗಳೂ ರಾಜಕುಮಾರರೂ ಅಟ್ಟಣಿಗೆಯ ಮೇಲೆ ಕೂತು ನೋಡುವ ಉತ್ಸವವಾಯಿತು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಖೆಡ್ಡಾ ನಡೆದ ನೆಲದ ಮೇಲೆ ಇವತ್ತು ಕಬಿನಿಯ ಹಿನ್ನೀರಿದೆ.

ಖೆಡ್ಡಾ ನಿಂತರೂ ಸೆರೆ ನಿಂತಿಲ್ಲ, ಕಾರಣ ಬದಲಾಗಿದೆ. ಆಗ ದಿಮ್ಮಿ ಎಳೆಯಲು, ಮೆರೆಯಲು ಹಿಡಿಯುತ್ತಿದ್ದರು. ಈಗ ಹಿಡಿಯುವುದು ತೋಟ, ಗದ್ದೆ, ಜೀವ ಉಳಿಸಿಕೊಳ್ಳಲು. ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ಮೇಲೆ ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ಭಾಗದಿಂದ 2014ರಲ್ಲಿ 22 ಆನೆಗಳನ್ನು ಹಿಡಿದರು. ಆ ಸೀಮೆಯಲ್ಲಿ ಮುಂಜಾನೆ ತೋಟಕ್ಕೆ ಹೋದ ಕೂಲಿ ಹೆಣ್ಣುಮಗಳು ಆನೆಯ ಕಾಲಿಗೆ ಸಿಕ್ಕಿ ಸತ್ತ ಮನೆಗಳಿವೆ. ಆ ಮನೆಯ ಅಂಗಳದಲ್ಲಿ ನಿಂತು ಆನೆಯ ಸ್ವಾತಂತ್ರ್ಯದ ಮಾತಾಡುವುದು ಸುಲಭವಲ್ಲ. ಅದನ್ನು ಮರೆತು ಬರೆದ ಯಾವ ನ್ಯಾಯದ ಮಾತೂ ಅರ್ಧ ನ್ಯಾಯ.

ಆದರೂ ಕುಶನ ಕಥೆಯನ್ನು ಹೇಳಲೇಬೇಕು. 2016ರಲ್ಲಿ ಚೆಟ್ಟಳ್ಳಿ ಭಾಗದಲ್ಲಿ ಸೆರೆಯಾಗಿ ದುಬಾರೆಗೆ ಬಂದು ಪಳಗಿದ ಗಂಡಾನೆ ಅದು. ಮದ ಬಂದ ಕಾಲದಲ್ಲಿ ಕಾಡಿಗೆ ಹೋದದ್ದು ಮರಳಲಿಲ್ಲ, ಕಾಡಾನೆಗಳ ಜೊತೆ ಸೇರಿಕೊಂಡಿತು. ಹುಡುಕಾಟ ತಿಂಗಳುಗಟ್ಟಲೆ ನಡೆಯಿತು. 2021ರ ಮಾರ್ಚ್ ಕೊನೆಯಲ್ಲಿ ಸಾಕಾನೆಗಳ ನೆರವಿನಿಂದ ಹಿಡಿದು ಮರಳಿ ತಂದು ಸಂಕೋಲೆ ಹಾಕಿದರು. ಆ ಚಿತ್ರಗಳು ಹೊರಬಿದ್ದಾಗ ನಾಡಿನ ಒಳಗೂ ಹೊರಗೂ ಆಕ್ಷೇಪ ಎದ್ದಿತು. ಸರ್ಕಾರ ಮನಸ್ಸು ಬದಲಿಸಿತು. ಅದೇ ವರ್ಷದ ಜೂನ್‌ನಲ್ಲಿ ರೇಡಿಯೊ ಕಾಲರ್ ತೊಡಿಸಿ ಕುಶನನ್ನು ಬಂಡೀಪುರದ ಕಾಡಿಗೆ ಬಿಟ್ಟರು.

ಅಮೆರಿಕದಲ್ಲಿ 1850ರಲ್ಲಿ ಒಂದು ಕಾನೂನು ಬಂದಿತ್ತು. ಓಡಿಹೋದ ಗುಲಾಮ ಸ್ವತಂತ್ರ ರಾಜ್ಯದಲ್ಲಿ ಸಿಕ್ಕರೂ ಹಿಡಿದು ಒಡೆಯನಿಗೆ ಒಪ್ಪಿಸಬೇಕು ಎಂದು. ಕುಶನನ್ನು ಮೊದಲ ಸಲ ಹಿಡಿದದ್ದಕ್ಕೆ ಬೆಳೆಯ ಕಾರಣ, ಜನರ ಕಾರಣ ಕೊಡಬಹುದು. ತನ್ನ ಕಾಡಿಗೆ, ತನ್ನವರ ಬಳಿಗೆ ಹೋದ ಮೇಲೆ ಎರಡನೆಯ ಸಲ ಹಿಡಿದಾಗ ಅದರ ಹಿಂದೆ ಕೆಲಸ ಮಾಡಿದ್ದು ಒಡೆತನದ ಭಾವವೇ. ಅದನ್ನು ಜನ ಗುರುತಿಸಿದರು, ಸರ್ಕಾರ ಒಪ್ಪಿತು. ದುಬಾರೆಯ ಇತಿಹಾಸದಲ್ಲಿ ಅದು ಹೆಮ್ಮೆ ಪಡಬೇಕಾದ ದಿನ.

ಮಾವುತರ ಹಾಡಿಯಲ್ಲಿ

ಶಿಬಿರದ ಪಕ್ಕದಲ್ಲೇ ಮಾವುತ, ಕಾವಾಡಿಗಳ ಮನೆಗಳಿವೆ. ಹೆಚ್ಚಿನವರು ಜೇನು ಕುರುಬರು. ತಂದೆ ಮಾವುತ, ಮಗ ಕಾವಾಡಿ, ಮೊಮ್ಮಗ ಆನೆಯ ಸೊಂಡಿಲ ಬಳಿ ಆಡುವ ಕೂಸು. ಮದ ಬಂದ ಆನೆಯ ಹತ್ತಿರ ಹೋಗುವುದೂ, ತಪ್ಪಿಸಿಕೊಂಡ ಆನೆಯ ಹೆಜ್ಜೆ ಹಿಡಿದು ರಾತ್ರಿ ಕಾಡಿನಲ್ಲಿ ನಡೆಯುವುದೂ ಇವರೇ. ಆನೆಯ ಕಾಲಿಗೆ ಸಿಕ್ಕಿ ಸತ್ತವರಲ್ಲೂ ಇವರಿದ್ದಾರೆ. ಒಬ್ಬ ಹಿರಿಯ ಮಾವುತರನ್ನು, ‘ಸರಪಳಿ ಬಿಚ್ಚಿಬಿಟ್ಟರೆ ನಿಮ್ಮ ಆನೆ ಹೋಗಿಬಿಡುತ್ತದೆಯೇ ಅಣ್ಣಾ?’ ಎಂದು ಕೇಳಿದೆ. ಅವರು ತಡ ಮಾಡಲಿಲ್ಲ. ‘ಹೋಗ್ತದೆ ಅಕ್ಕಾ. ಕಾಡು ಅದರದೇ ಅಲ್ವಾ’ ಎಂದರು. ಆ ಉತ್ತರದಲ್ಲಿ ಮುಚ್ಚುಮರೆ ಇರಲಿಲ್ಲ.

ಇವರನ್ನು ಗುಲಾಮರ ಒಡೆಯರೆಂದು ಕರೆದರೆ ಅದು ದೊಡ್ಡ ಅನ್ಯಾಯ. ಇವರ ಸಮುದಾಯವೇ ಕಾಡಿನಿಂದ ಒಕ್ಕಲೆಬ್ಬಿಸಿಕೊಂಡ ಸಮುದಾಯ. 2016ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಜೇನು ಕುರುಬರ, ಯರವರ ಗುಡಿಸಲುಗಳನ್ನು ಕೆಡವಿದ್ದು ಕನ್ನಡಿಗರಿಗೆ ನೆನಪಿದೆ. ಆನೆಯ ಒಡೆತನ ಸರ್ಕಾರದ್ದು. ಅದರ ಹಿಂದಿರುವುದು ದಸರಾ ನೋಡಲು ಬರುವ, ತೋಟದ ಕಾಫಿ ಕುಡಿಯುವ, ದೋಣಿಗೆ ಟಿಕೆಟ್ ಕೊಳ್ಳುವ ನಾವೆಲ್ಲ.

ಹಾಡಿಯಲ್ಲಿ ಕೂತಾಗಲೇ ಇನ್ನೊಂದು ಆಕ್ಷೇಪವನ್ನೂ ಎದುರಿಸಬೇಕು. ಕೊಡಗು ಮನುಷ್ಯರ ಜೀತವನ್ನು ಕಂಡ ನೆಲ. ಯರವರ ಹಿರಿಯರು ಜಮೀನಿನ ಜೊತೆಗೆ ಒಡೆಯನಿಂದ ಒಡೆಯನಿಗೆ ಹೋಗುವ ಆಳುಗಳಾಗಿದ್ದರು. ಬ್ರಿಟಿಷ್ ಆಡಳಿತದ 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಬಲ ಇಲ್ಲವಾಗಿಸಿತು. ಆದರೂ ಜೀತಕ್ಕೆ ತೆರೆ ಎಳೆಯಲು 1976ರ ಕಾಯ್ದೆ ಬೇಕಾಯಿತು. ಅಂಥ ಜನರ ಮೊಮ್ಮಕ್ಕಳ ಎದುರು ಆನೆಯನ್ನು ಗುಲಾಮ ಎನ್ನುವುದು ಅವರ ನೋವನ್ನು ಹಗುರ ಮಾಡಿದಂತಲ್ಲವೇ?

ಈ ಆಕ್ಷೇಪ ನ್ಯಾಯವಾದದ್ದು, ಎಚ್ಚರಿಕೆಯಿಂದ ಕೇಳಿಸಿಕೊಳ್ಳಬೇಕಾದದ್ದು. ಮನುಷ್ಯನನ್ನು ದನದಂತೆ ಎಣಿಸಿದ್ದೇ ಗುಲಾಮಗಿರಿಯ ಮೊದಲ ಪಾತಕ. ಅಮೆರಿಕದ ತೋಟಗಳಲ್ಲಿ ಒಡೆಯ ಸತ್ತಾಗ ಕುದುರೆ, ಹಸು, ಹಂದಿಗಳ ಸಾಲಿನಲ್ಲೇ ಮನುಷ್ಯರನ್ನು ನಿಲ್ಲಿಸಿ ಬೆಲೆ ಕಟ್ಟಿದ್ದನ್ನು ಸ್ವತಃ ಗುಲಾಮನಾಗಿದ್ದ ಫ್ರೆಡೆರಿಕ್ ಡಗ್ಲಸ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಆದ್ದರಿಂದ ಮನುಷ್ಯರ ನೋವು, ಆನೆಯ ನೋವು ಒಂದೇ ಎಂದು ನಾನು ಹೇಳಲಾರೆ. ಮನುಷ್ಯನಿಗೆ ತನ್ನ ದಾಸ್ಯದ ಅರಿವಿದೆ, ಅವಮಾನದ ನೆನಪಿದೆ, ಅದನ್ನು ಮಕ್ಕಳಿಗೆ ಹೇಳುವ ಮಾತಿದೆ. ನಾನು ಹೋಲಿಸುತ್ತಿರುವುದು ವ್ಯವಸ್ಥೆಯನ್ನು. ಒಂದು ಜೀವವನ್ನು ಅದರ ನೆಲೆಯಿಂದ ಕಿತ್ತು, ಬಲದಿಂದ ಮಣಿಸಿ, ದುಡಿಸಿ, ಸ್ವತ್ತಾಗಿ ಬರೆದಿಟ್ಟುಕೊಳ್ಳುವ ವ್ಯವಸ್ಥೆ. ಅದು ಮನುಷ್ಯನ ಮೇಲೆ ನಡೆದಾಗ ಮಹಾಪಾತಕ. ಆನೆಯ ಮೇಲೆ ನಡೆದಾಗ ಪಾತಕವೇ ಅಲ್ಲ ಎನ್ನಲು ಕಾರಣ ಸಿಗುವುದಿಲ್ಲ.

ಕಾಡಿನ ಅಂಚಿನಲ್ಲಿ

ದಿನದ ಕೆಲಸ ಮುಗಿದ ಮೇಲೆ ಆನೆಗಳನ್ನು ಮೇಯಲು ಕಾಡಿಗೆ ಬಿಡುತ್ತಾರೆ. ದುಬಾರೆಯ ಈ ಪದ್ಧತಿ ದೇವಸ್ಥಾನದ ಆನೆಗೂ ಸರ್ಕಸ್ಸಿನ ಆನೆಗೂ ಸಿಗದ ಭಾಗ್ಯ. ಕಾಲಿಗೆ ಉದ್ದ ಸರಪಳಿ ಇರುತ್ತದೆ. ಅದು ನೆಲದಲ್ಲಿ ಎಳೆದ ಗುರುತು ಹಿಡಿದು ಬೆಳಗ್ಗೆ ಕಾವಾಡಿ ಆನೆಯನ್ನು ಹುಡುಕಿ ತರುತ್ತಾನೆ. ರಾತ್ರಿಯಿಡೀ ಆನೆ ಬಿದಿರು, ಹುಲ್ಲು, ತೊಗಟೆ ತಿನ್ನುತ್ತದೆ, ಕಾಡಾನೆಗಳನ್ನು ಕಾಣುತ್ತದೆ. ಶಿಬಿರದ ಹೆಣ್ಣಾನೆಗಳು ಕಾಡು ಸಲಗಗಳಿಂದ ಬಸುರಾಗುವುದೂ ಹೀಗೆಯೇ. ಇಪ್ಪತ್ತೆರಡು ತಿಂಗಳವರೆಗೆ ಹೊತ್ತು ಹೆತ್ತ ಮರಿ ಕಾಡಿಗೆ ಸೇರಿದ್ದಲ್ಲ, ಸರ್ಕಾರದ್ದು. ವನ್ಯಜೀವಿ ಕಾಯ್ದೆಯ 39ನೇ ಸೆಕ್ಷನ್ ಅದನ್ನು ರಾಜ್ಯ ಸರ್ಕಾರದ ಸ್ವತ್ತೆಂದು ಹೇಳುತ್ತದೆ. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದು ವರ್ಜೀನಿಯದಲ್ಲಿ 1662ರಲ್ಲೇ ಕಾನೂನು ಮಾಡಿದ್ದರು. ನನ್ನ ನಾಲ್ಕನೆಯ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು.

ಮೂರನೆಯ ಪ್ರಶ್ನೆಗೆ ಉತ್ತರ ಪತ್ರಿಕೆಗಳಲ್ಲೇ ಇದೆ. 2025ರ ಮೇ ತಿಂಗಳಲ್ಲಿ ನಾಲ್ಕು ಕುಮ್ಕಿ (ಕಾಡಾನೆ ಹಿಡಿಯಲು ಪಳಗಿಸಿದ) ಆನೆಗಳನ್ನು ವಿಧಾನಸೌಧದ ಮುಂದೆ ಆಂಧ್ರ ಪ್ರದೇಶಕ್ಕೆ ಹಸ್ತಾಂತರಿಸಿದರು. ಅದೇ ವರ್ಷದ ಜುಲೈನಲ್ಲಿ ಬನ್ನೇರುಘಟ್ಟದ ನಾಲ್ಕು ಆನೆಗಳು ವಿಮಾನವೇರಿ ಜಪಾನಿನ ಹಿಮೆಜಿಗೆ ಹೋದವು. ಬದಲಿಗೆ ಚೀತಾ, ಜಾಗ್ವಾರ್, ಪೂಮಾ, ಚಿಂಪಾಂಜಿಗಳು ಬರಬೇಕೆಂಬ ಒಪ್ಪಂದ. ಕಾಯ್ದೆ ಆನೆಯ ಮಾರಾಟವನ್ನು ನಿಷೇಧಿಸಿದೆ, ನಿಜ. ಆದರೆ 2022ರ ತಿದ್ದುಪಡಿ ಸಾಕಾನೆಯನ್ನು ಧಾರ್ಮಿಕ ಅಥವಾ ಇತರ ಉದ್ದೇಶಕ್ಕೆ ವರ್ಗಾಯಿಸಲು ದಾರಿ ಬಿಟ್ಟಿದೆ. ಕೊಟ್ಟವರು, ಪಡೆದವರು ಸಹಿ ಹಾಕುತ್ತಾರೆ. ಹೋಗುವ ಜೀವವನ್ನು, ಅದರ ಜೊತೆಯ ಆನೆಗಳನ್ನು ಕೇಳುವವರಿಲ್ಲ.

ನ್ಯಾಯಾಲಯಗಳು ಈ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಿವೆ. ಅಮೆರಿಕದ ಸೀವರ್ಲ್ಡ್‌ನಲ್ಲಿದ್ದ ಟಿಲಿಕಮ್ ಸೇರಿ ಐದು ಓರ್ಕಾ ತಿಮಿಂಗಿಲಗಳು ಗುಲಾಮಗಿರಿಯಲ್ಲಿವೆ, ಆ ದೇಶದ ಸಂವಿಧಾನದ ಗುಲಾಮಗಿರಿ ನಿಷೇಧದ ಹದಿಮೂರನೆಯ ತಿದ್ದುಪಡಿ ಅವಕ್ಕೂ ಅನ್ವಯಿಸಬೇಕು ಎಂದು 2011ರಲ್ಲಿ ದಾವೆ ಹೂಡಲಾಯಿತು. ಆ ತಿದ್ದುಪಡಿ ಮನುಷ್ಯರಿಗೆ ಮಾತ್ರ ಎಂದು 2012ರಲ್ಲಿ ದಾವೆ ವಜಾ ಆಯಿತು. ಕನ್ನಡಿಯಲ್ಲಿ ತನ್ನನ್ನು ತಾನು ಗುರುತಿಸಿಕೊಂಡ ಹ್ಯಾಪಿ ಎಂಬ ಆನೆಯನ್ನು ಬ್ರಾಂಕ್ಸ್ ಮೃಗಾಲಯದಿಂದ ಬಿಡಿಸಬೇಕೆಂಬ ಅರ್ಜಿಯನ್ನು ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯ 2022ರಲ್ಲಿ ತಿರಸ್ಕರಿಸಿತು, ಇಬ್ಬರು ನ್ಯಾಯಮೂರ್ತಿಗಳ ಭಿನ್ನಮತದೊಂದಿಗೆ. ನಮ್ಮಲ್ಲಿ ಸುಪ್ರೀಂ ಕೋರ್ಟ್ 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಪ್ರಾಣಿಗೂ ಘನತೆಯಿಂದ ಬದುಕುವ ಹಕ್ಕಿನ ಮಾತಾಡಿತು. 2023ರಲ್ಲಿ ಸಂವಿಧಾನ ಪೀಠ, ಪ್ರಾಣಿಗಳಿಗೆ ಮೂಲಭೂತ ಹಕ್ಕು ಇದೆ ಎನ್ನಲು ಒಪ್ಪದೆ ಜಲ್ಲಿಕಟ್ಟು, ಕಂಬಳಗಳಿಗೆ ದಾರಿ ಬಿಟ್ಟಿತು. ಕಾನೂನು ಇನ್ನೂ ಹೊಸ್ತಿಲಲ್ಲೇ ನಿಂತಿದೆ.

ಹಾಗಾದರೆ ಎಲ್ಲ ಸಾಕಣೆಯೂ ಗುಲಾಮಗಿರಿಯೇ? ನನ್ನ ನಾಲ್ಕು ಪ್ರಶ್ನೆಗಳೇ ಬೇರೆ ಬೇರೆ ಉತ್ತರ ಕೊಡುತ್ತವೆ. ಹಳ್ಳಿಯ ಜಗಲಿಯಲ್ಲಿ ಮಲಗಿ, ಬೇಕೆಂದಾಗ ಎದ್ದು ಹೋಗಿ, ಹೊತ್ತಾದಾಗ ಮರಳುವ ನಾಯಿ ಗುಲಾಮನಲ್ಲ, ಜೊತೆಗಾರ. ಎ4 ಹಾಳೆಗಿಂತ ಕಡಿಮೆ ಜಾಗದ ಪಂಜರದಲ್ಲಿ ರೆಕ್ಕೆ ಬಿಚ್ಚದೆ ಮೊಟ್ಟೆಯಿಟ್ಟು ಮುಗಿಯುವ ಕೋಳಿಯ ಬದುಕು ಗುಲಾಮಗಿರಿಗಿಂತ ಮೇಲೆಂದು ಹೇಳಲು ನನಗೆ ಧೈರ್ಯವಿಲ್ಲ. ಕೊಟ್ಟಿಗೆಯ ಹಸು ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದು ಅದರ ಕರುವಿಗೆ ಏನಾಗುತ್ತದೆ, ಹಾಲು ಬತ್ತಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಆನೆಯ ವಿಷಯದಲ್ಲಿ ಮಾತ್ರ ನನಗೆ ಅನುಮಾನ ಉಳಿದಿಲ್ಲ. ಅದು ಬಿಟ್ಟು ಹೋಗಲಾರದು, ಅದರ ದುಡಿಮೆ ಅದರದಲ್ಲ, ಅದನ್ನು ಕೈಯಿಂದ ಕೈಗೆ ಕೊಡಬಹುದು, ಅದರ ಮರಿ ನಮ್ಮ ಸ್ವತ್ತು. ಪ್ರೀತಿಯಿಂದ ನಡೆದರೂ ಇದು ದಾಸ್ಯವೇ.

ನಾಳೆಯೇ ಎಲ್ಲ ಸರಪಳಿ ಬಿಚ್ಚಿ ಎಂದು ನಾನು ಕೇಳುತ್ತಿಲ್ಲ. ದಶಕಗಟ್ಟಲೆ ಮನುಷ್ಯರ ನಡುವೆ ಬಾಳಿದ ಆನೆಯನ್ನು ಏಕಾಏಕಿ ಬಿಟ್ಟರೆ ಅದು ಊರಿನ ದಾರಿಯನ್ನೇ ಹಿಡಿದೀತು, ಆನೆಗೂ ಅಪಾಯ, ಜನಕ್ಕೂ ಅಪಾಯ. 2025ರಲ್ಲಿ ಪ್ರಕಟವಾದ ಡಿಎನ್‌ಎ ಆಧಾರಿತ ಗಣತಿಯ ಪ್ರಕಾರ ದೇಶದ 22,446 ಕಾಡಾನೆಗಳಲ್ಲಿ 6,013 ಕರ್ನಾಟಕದಲ್ಲಿವೆ, ಬೇರಾವ ರಾಜ್ಯಕ್ಕಿಂತಲೂ ಹೆಚ್ಚು. ಇಷ್ಟು ಆನೆಗಳ ಜೊತೆ ಬಾಳುವ ಸಮಸ್ಯೆಗೆ ಕ್ರಾಲ್ ಪರಿಹಾರವಾಗಲಾರದು. ರೈಲು ಹಳಿಯ ತಡೆಗೋಡೆ, ರೇಡಿಯೊ ಕಾಲರ್, ಆನೆ ಬಂದ ಕೂಡಲೇ ಮೊಬೈಲಿಗೆ ಮುಟ್ಟುವ ಎಚ್ಚರಿಕೆ, ಮುಚ್ಚಿಹೋದ ಆನೆದಾರಿಗಳನ್ನು ಮತ್ತೆ ತೆರೆಯುವುದು, ಇವುಗಳಿಗೆ ಹಣ, ಮನಸ್ಸು ಎರಡೂ ಹರಿಯಬೇಕು.

ಸರ್ಕಾರವನ್ನು ಕೇಳಬೇಕಾದದ್ದು ಸ್ಪಷ್ಟವಾಗಿದೆ. ಜೀವಹಾನಿ ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಸೆರೆ ಇರಲಿ, ಅದೂ ಸಾಧ್ಯವಾದರೆ ದೂರದ ಕಾಡಿಗೆ ಬಿಡಲಿಕ್ಕೆ. ವಿನಿಮಯ, ಕಾಣಿಕೆಯ ಹೆಸರಿನಲ್ಲಿ ಆನೆಯನ್ನು ಸಾಗಿಸುವುದು ನಿಲ್ಲಲಿ. ಅರವತ್ತು ದಾಟಿದ ಆನೆ ಯಾವ ಕಾರ್ಯಾಚರಣೆಗೂ ಹೋಗಬಾರದೆಂದು ನಿಯಮವಾಗಲಿ. ಶಿಬಿರದಲ್ಲಿ ಹುಟ್ಟಿದ ಮರಿಗಳು ಕಾಡು ಸೇರುವ ದಾರಿಯನ್ನು ತಜ್ಞರು, ಮಾವುತರು ಕೂತು ಹುಡುಕಲಿ. ಮಾವುತ, ಕಾವಾಡಿಗಳಿಗೆ ಕಾಡು ಕಾಯುವ ಕೆಲಸದಲ್ಲಿ ಗೌರವದ ಸಂಬಳ, ಜಾಗ ಸಿಗಲಿ. ಆನೆಯ ಬಿಡುಗಡೆಗೆ ಅವರು ಬೆಲೆ ತೆರುವಂತಾಗಬಾರದು.

ಓದುಗರೇ, ದುಬಾರೆಗೆ ಹೋಗಿ. ಬೆಳಗಿನ ಸ್ನಾನ ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಆನೆ ಎಷ್ಟು ಜಾಣ, ಎಷ್ಟು ದೊಡ್ಡದು ಎಂದು ತೋರಿಸಿದ ಮೇಲೆ ಕ್ರಾಲ್‌ನ ಮುಂದೆಯೂ ನಿಲ್ಲಿಸಿ, ಅದು ಏತಕ್ಕೆ ಎಂದು ಹೇಳಿ. ಈಗ ಶಿಬಿರದಲ್ಲಿರುವ ಆನೆಗಳನ್ನು ಕೊನೆಯವರೆಗೂ ಚೆನ್ನಾಗಿ ನೋಡಿಕೊಳ್ಳುವುದು ನಮ್ಮ ಸಾಲ. ಹೊಸದಾಗಿ ಇನ್ನೊಂದನ್ನು ದಾಸ್ಯಕ್ಕೆ ತರದಿರುವುದು ನಮ್ಮ ಕರ್ತವ್ಯ.